ರಾತ್ರಿಯಿಡೀ ಓಡುವ ಕಂಪ್ಯೂಟರ್: ನಮ್ಮ ಸ್ಟುಡಿಯೊದ ಅನುಭವ

ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಸಂಜೆ ಕಂಪ್ಯೂಟರ್ ಆರಿಸಿ ಮನೆಗೆ ಹೋಗುವ ಭಾಗ್ಯವಿಲ್ಲ. ಅರಿಶಿನ ಶಾಸ್ತ್ರ, ಮುಹೂರ್ತ, ಆರತಕ್ಷತೆ ಎಲ್ಲವನ್ನೂ ಕತ್ತರಿಸಿ ಜೋಡಿಸಿದ ಮೇಲೂ ಅದನ್ನು ಅಂತಿಮ ವಿಡಿಯೊ ಮಾಡಲು, ಅಂದರೆ ರೆಂಡರ್ ಆಗಲು, ಗಂಟೆಗಟ್ಟಲೆ ಬೇಕು. ಹಗಲು ರೆಂಡರ್‌ಗೆ ಹಾಕಿದರೆ ಬೇರೆ ಕೆಲಸವೆಲ್ಲ ನಿಲ್ಲುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ದಾವಣಗೆರೆಯ ನಮ್ಮ ಸ್ಟುಡಿಯೊಗೆ ಬೀಗ ಹಾಕಿದ ಮೇಲೂ ಒಳಗೆ ಎರಡು ಕಂಪ್ಯೂಟರ್‌ಗಳು ದುಡಿಯುತ್ತಲೇ ಇರುತ್ತವೆ. ಕೆಳಗಿನ ಮಹಡಿಯಲ್ಲಿರುವುದು ಜವಳಿ ಅಂಗಡಿ. ಅದರ ಮಾಲೀಕರು ಕಂಡಾಗಲೆಲ್ಲ ಕೇಳುತ್ತಿದ್ದರು: "ಮೇಲೆ ಯಾರೂ ಇಲ್ಲದಾಗ ಅದು ಹೊತ್ತಿಕೊಂಡರೆ ನನ್ನ ಸೀರೆಗಳ ಗತಿಯೇನು ಸ್ವಾಮಿ?"

ನ್ಯಾಯವಾದ ಪ್ರಶ್ನೆಯೇ. ಆದರೆ ಈ ವಿಷಯದಲ್ಲಿ ಎಲ್ಲರ ಕಣ್ಣೂ ಕಂಪ್ಯೂಟರಿನ ಮೇಲಿರುತ್ತದೆ. ನಾನು ಹೆದರುವುದು ಅದಕ್ಕಲ್ಲ. ಪ್ರೊಸೆಸರ್ 95–100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಹೋಗುತ್ತದೆ. ಒಳ್ಳೆಯ ಪವರ್ ಸಪ್ಲೈಯೂ ಶಾರ್ಟ್ ಆದರೆ ತಾನೇ ಆರಿಕೊಳ್ಳುತ್ತದೆ. ಇಷ್ಟೆಲ್ಲ ಕಾವಲು ಯಂತ್ರದೊಳಗಿದೆ. ರಸ್ತೆಯ ಕಂಬದಿಂದ ಕ್ಯಾಬಿನೆಟ್ಟಿನ ಹಿಂಬದಿಯವರೆಗಿನ ದಾರಿಗೆ ಯಾವ ಕಾವಲಿದೆ? ರಾತ್ರಿ ಯಂತ್ರ ಬಿಡುವ ಮೊದಲು ಕರೆಯಬೇಕಾದದ್ದು ಕಂಪ್ಯೂಟರ್ ರಿಪೇರಿಯವರನ್ನಲ್ಲ, ಎಲೆಕ್ಟ್ರಿಷಿಯನ್ನರನ್ನು.

ನಮ್ಮಲ್ಲಿಗೆ ಬಂದವರು ಹಳಬರು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಚುರ್ ಎನ್ನುತ್ತದೆ ಎಂದೆ. ಅವರು ಯಂತ್ರದತ್ತ ತಿರುಗಿಯೂ ನೋಡದೆ, "ಅರ್ಥ್ ಗುಂಡಿಗೆ ನೀರು ಹಾಕಿ ಎಷ್ಟು ಕಾಲವಾಯಿತು ಸರ್?" ಎಂದರು. ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಕಟ್ಟಡದ ಹಿಂದೆ ತೋಡಿದ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿದ್ದು ನಿಜ, ಆದರೆ ನಮ್ಮೂರ ಬೇಸಿಗೆಗೆ ಮಣ್ಣು ಒಣಗಿ ಗಟ್ಟಿಯಾಗಿತ್ತು. ಒಣ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಅವರು ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್‌ಗೂ (ಕರೆಂಟ್ ಮರಳಿ ಹೋಗುವ ತಂತಿ) ಅರ್ಥ್‌ಗೂ ನಡುವಿನ ವೋಲ್ಟೇಜ್ ತೋರಿಸಿದರು. ಅದು ಎರಡು ಮೂರು ವೋಲ್ಟಿನೊಳಗೆ ಇರಬೇಕು, ನಮ್ಮದು ಅದನ್ನು ಎಂದೋ ದಾಟಿತ್ತು. ಗುಂಡಿಗೆ ಹೊಸ ಇದ್ದಿಲು, ಉಪ್ಪು ತುಂಬಿ, ತಂತಿಯ ಜೋಡಣೆ ಬಿಗಿ ಮಾಡಿದರು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಆ ಗುಂಡಿಗೆ ನೀರು ಹಾಕುವುದು ಈಗ ನಮ್ಮ ಹುಡುಗರ ಕೆಲಸ. ತುಳಸಿಗೆ ತಪ್ಪಿದರೂ ಅದಕ್ಕೆ ತಪ್ಪುವುದಿಲ್ಲ.

ಅವರು ಹೇಳಿಕೊಟ್ಟ ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಎಂಸಿಬಿ, ಅಂದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಜನ ನಂಬಿದ್ದಾರೆ. ಎಂಸಿಬಿ ಬೀಳುವುದು ಲೋಡ್ ಮಿತಿ ಮೀರಿದಾಗ ಅಥವಾ ಶಾರ್ಟ್ ಆದಾಗ ಮಾತ್ರ. ಸಾಕೆಟ್ಟಿನಲ್ಲಿ ಪಿನ್ ಸಡಿಲವಾಗಿ ಕೂತು, ಗಂಟೆಗಟ್ಟಲೆ ಕಾದು ಕಾದು ಪ್ಲಾಸ್ಟಿಕ್ ಕರಗುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಹರಿಯುತ್ತಿರುವ ಕರೆಂಟ್ ಮಿತಿಯೊಳಗೇ ಇರುತ್ತದೆ. ಇಂಥ ಸಡಿಲ ಜೋಡಣೆಗೆ ತವರುಮನೆ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲೂ ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಸಿದ್ದು. ನಾನು ಅವನ್ನೆಲ್ಲ ಕಿತ್ತು, ಪ್ರತಿ ಯಂತ್ರಕ್ಕೂ ಗೋಡೆಯಲ್ಲೇ ಪ್ರತ್ಯೇಕ ಸಾಕೆಟ್ ಹಾಕಿಸಿದೆ. ರೆಂಡರ್ ಶುರುವಾಗಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಆ ರಾತ್ರಿ ಯಂತ್ರ ಓಡುವುದಿಲ್ಲ. ಪಿನ್ನಿನ ಬುಡ ಕಂದು ತಿರುಗಿದ ಪ್ಲಗ್ ನೇರವಾಗಿ ಕಸದ ಬುಟ್ಟಿಗೆ.

ಇನ್ನು ನ್ಯೂಟ್ರಲ್. ಬೀದಿಯಲ್ಲಿ ಎಲ್ಲೋ ನ್ಯೂಟ್ರಲ್ ತಂತಿ ತುಂಡಾದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ಬರಬಹುದು. ಸ್ಪೈಕ್ ಬಸ್ಟರ್ ಇದಕ್ಕೆ ಉತ್ತರವಲ್ಲ. ಅದು ಕ್ಷಣಮಾತ್ರದ ಏರಿಕೆಯನ್ನು ತಡೆಯಬಲ್ಲದೇ ಹೊರತು ನಿಮಿಷಗಟ್ಟಲೆ ನಿಂತ ಹೆಚ್ಚಿನ ವೋಲ್ಟೇಜನ್ನಲ್ಲ, ಅಂಥ ಹೊತ್ತಿನಲ್ಲಿ ಅದೇ ಸುಟ್ಟುಹೋಗಬಹುದು. ಮುಖ್ಯ ಬೋರ್ಡಿನಲ್ಲಿ ವೋಲ್ಟೇಜ್ ಹೆಚ್ಚಾದರೂ ಕಡಿಮೆಯಾದರೂ ಸಂಪರ್ಕ ಕಡಿಯುವ ಸಾಧನ ಸಿಗುತ್ತದೆ. ಅದನ್ನು ಹಾಕಿಸಿ, ಜೊತೆಗೆ ಕರೆಂಟ್ ನೆಲಕ್ಕೆ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಕೂರಿಸಿದ್ದೇವೆ. ಖರ್ಚು ಆಯಿತು. ಒಂದು ಗ್ರಾಫಿಕ್ಸ್ ಕಾರ್ಡಿನ ಬೆಲೆ ನೆನೆದರೆ ಅದು ಖರ್ಚಲ್ಲ.

ಯುಪಿಎಸ್ ಇದ್ದರೆ ಕರೆಂಟ್ ಹೋದರೂ ಕೆಲಸ ನಡೆಯುತ್ತಲೇ ಇರುತ್ತದೆ ಎಂಬ ಭ್ರಮೆಯಿದೆ. ಅದರ ಮೇಲೆ ಬರೆದ 600 ವಿಎ (ವೋಲ್ಟ್-ಆಂಪಿಯರ್) ಎಂದರೆ ಸಾಮಾನ್ಯವಾಗಿ 360 ವಾಟ್, ಒಳಗಿರುವುದು 12 ವೋಲ್ಟಿನ 7 ಆಂಪಿಯರ್-ಅವರ್‌ನ ಒಂದು ಪುಟ್ಟ ಬ್ಯಾಟರಿ. ರೆಂಡರ್ ಆಗುತ್ತಿರುವ ಕಂಪ್ಯೂಟರ್ 250–300 ವಾಟ್ ಎಳೆಯುತ್ತಿದ್ದರೆ ಹತ್ತು ನಿಮಿಷ ಸಿಕ್ಕರೂ ಹೆಚ್ಚು. ಎದುರಿಗೆ ಯಾರೂ ಇಲ್ಲದಿದ್ದರೆ ಆ ಹತ್ತು ನಿಮಿಷದಿಂದ ಏನು ಬಂತು? ಹಾಗಾಗಿ ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ಸನ್ನೇ ಕೊಳ್ಳಬೇಕು. ಆಗ ಕರೆಂಟ್ ಹೋದದ್ದು ಕಂಪ್ಯೂಟರಿಗೆ ತಿಳಿಯುತ್ತದೆ, ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ತಾನೇ ಹೈಬರ್ನೇಟ್ ಆಗುತ್ತದೆ. ಕರೆಂಟ್ ಮರಳಿದಾಗ ತಾನಾಗಿ ಎದ್ದು ಕೂರದಂತೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಹೊಂದಿಸಿದ್ದೇನೆ, ಬಂದು ಹೋಗಿ ಆಡುವ ಕರೆಂಟ್ ಯಂತ್ರಕ್ಕೆ ಒಳ್ಳೆಯದಲ್ಲ. ಬ್ಯಾಟರಿಗೆ ಸೆಕೆ ಒಗ್ಗುವುದಿಲ್ಲ. ಈ ಊರಿನಲ್ಲಿ ಅದು ಎರಡು ಮೂರು ವರ್ಷ ಬಾಳಿದರೆ ಪುಣ್ಯ. ಉಬ್ಬಿದ್ದು ಕಂಡರೆ ಅದೇ ದಿನ ಬದಲಿಸಬೇಕು.

ಧೂಳಿನ ಮಾತು ಬೇರೆ. ಮಂಡಕ್ಕಿ ಭಟ್ಟಿಗಳ ಬಳಿ ಸ್ಟುಡಿಯೊ ಇಟ್ಟುಕೊಂಡಿರುವ ಸ್ನೇಹಿತರ ಯಂತ್ರ ತೆರೆದರೆ ಫ್ಯಾನಿನ ರೆಕ್ಕೆಗೆ ಮಸಿ ಮೆತ್ತಿರುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಕೆಳಗಿನಿಂದ ಬಟ್ಟೆಯ ನೂಲು ಮಾತ್ರ ಹಾರಿ ಬರುತ್ತದೆ. ಸೀಸನ್ ಶುರುವಾಗುವ ಮೊದಲು ಬ್ಲೋವರ್ ಹಿಡಿಯುತ್ತೇವೆ. ಆಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಒತ್ತಿಹಿಡಿಯಬೇಕು, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಯುಪಿಎಸ್ಸಿನ ಗಾಳಿಕಿಂಡಿಗೆ ಸಣ್ಣ ಜಾಲರಿ ಹಾಕಿದ್ದೇವೆ, ಹಲ್ಲಿ ನುಗ್ಗಿ ಶಾರ್ಟ್ ಮಾಡುವುದು ತಮಾಷೆಯ ಮಾತಲ್ಲ. ದೇವರ ಪಟದ ಮುಂದಿನ ದೀಪ, ಊದಿನಕಡ್ಡಿ ಆರಿದ್ದನ್ನು ನೋಡಿಯೇ ಬೀಗ ಹಾಕುತ್ತೇವೆ. ಬೆಂಕಿಗೆ ಇಂಗಾಲದ ಡೈಆಕ್ಸೈಡ್ ತುಂಬಿದ ನಂದಕ ಬಾಗಿಲ ಬಳಿ ಇದೆ. ಪುಡಿಯದು ಬೆಂಕಿ ಆರಿಸುತ್ತದೆ, ಯಂತ್ರವನ್ನೂ ಮುಗಿಸುತ್ತದೆ.

ಕೆಲಸವೇ ಕೆಟ್ಟುಹೋಗುವುದು ಇನ್ನೊಂದು ಬಗೆಯ ಅಪಾಯ. ಎಂಪಿ4 ವಿಡಿಯೊ ಕಡತದಲ್ಲಿ ಯಾವುದು ಎಲ್ಲಿದೆ ಎಂದು ಹೇಳುವ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ, ತೊಂಬತ್ತು ಭಾಗ ಮುಗಿದು ನಿಂತರೂ ಅದು ತೆರೆಯುವುದಿಲ್ಲ. ಅದಕ್ಕೇ ಮುಹೂರ್ತ, ಆರತಕ್ಷತೆಗಳನ್ನು ಬೇರೆ ಬೇರೆ ತುಣುಕಾಗಿ ರೆಂಡರ್ ಮಾಡಿ ಬೆಳಿಗ್ಗೆ ಜೋಡಿಸುತ್ತೇವೆ. ರಾತ್ರಿ ರೆಂಡರ್ ಇರುವ ದಿನಗಳಲ್ಲಿ ವಿಂಡೋಸ್ ಅಪ್‌ಡೇಟನ್ನು ಮುಂದೂಡಿಟ್ಟಿರಬೇಕು, ಇಲ್ಲವೆಂದರೆ ನಡುರಾತ್ರಿ ಯಂತ್ರ ತಾನೇ ರೀಸ್ಟಾರ್ಟ್ ಆಗಬಹುದು. ಮೂಲ ವಿಡಿಯೊಗಳ ಬ್ಯಾಕಪ್ ಡಿಸ್ಕನ್ನು ಕಳಚಿ ಕಪಾಟಿನಲ್ಲಿಟ್ಟೇ ಹೊರಡುತ್ತೇವೆ. ಕರೆಂಟಿನಿಂದಲೋ ವೈರಸ್ಸಿನಿಂದಲೋ ಯಂತ್ರ ಹಾಳಾದರೆ ಜೊತೆಗೆ ಸಿಕ್ಕಿಸಿದ ಡಿಸ್ಕೂ ಹಾಳಾಗಬಹುದು, ಇನ್ನೊಬ್ಬರ ಮದುವೆಯನ್ನು ಮತ್ತೆ ಚಿತ್ರೀಕರಿಸಲಾಗದು. ಮನೆಯಿಂದ ಇಣುಕಿ ನೋಡುವ ರಿಮೋಟ್ ತಂತ್ರಾಂಶಕ್ಕೆ ಉದ್ದನೆಯ ಪಾಸ್‌ವರ್ಡ್ ಜೊತೆ ಎರಡು ಹಂತದ ಪರಿಶೀಲನೆಯಿದೆ.

ಕೆಲಸ ಮುಗಿದ ಮೇಲೆ ಸುಮ್ಮನೆ ಉರಿಯುವ ಯಂತ್ರ ನನಗೆ ಸಹಿಸದು. ಖಾಲಿ ಕೂತರೂ 60 ವಾಟ್ ಎಳೆಯುತ್ತದೆ ಎಂದುಕೊಂಡರೆ, ಹಗಲೂ ರಾತ್ರಿ ಆರಿಸದೆ ಬಿಟ್ಟಾಗ ತಿಂಗಳಿಗೆ 43 ಯೂನಿಟ್. ಆರು ಗಂಟೆಯ ರೆಂಡರ್ ಎನಿಸಿದರೆ ಶಟ್‌ಡೌನ್ ಆದೇಶಕ್ಕೆ ಎಂಟು ಗಂಟೆಯ, ಅಂದರೆ 28,800 ಸೆಕೆಂಡಿನ ಗಡುವು ಕೊಟ್ಟು ಹೊರಡುತ್ತೇನೆ. ಲ್ಯಾಪ್‌ಟಾಪನ್ನಂತೂ ಚಾರ್ಜರ್ ಸಮೇತ ಹಾಸಿಗೆ, ದಿಂಬಿನ ಮೇಲೆ ಬಿಟ್ಟು ಹೋಗುವ ಮಾತೇ ಬೇಡ. ಗಾಳಿಕಿಂಡಿ ಮುಚ್ಚಿಹೋಗುತ್ತದೆ, ಒಳಗಿರುವುದು ಲಿಥಿಯಂ ಬ್ಯಾಟರಿ.

ಇಷ್ಟೆಲ್ಲ ಏರ್ಪಾಡಿದ್ದರೂ ಮುಂಗಾರಿಗೆ ಮೊದಲಿನ ಗುಡುಗು ಮಳೆಯ ಸಂಜೆ ನಾನು ಯಾವ ಯಂತ್ರವನ್ನೂ ಬಿಟ್ಟು ಹೋಗುವುದಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಯುಪಿಎಸ್ ಕಾಯುತ್ತದೆಂಬ ನಂಬಿಕೆ ನನಗಿಲ್ಲ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯದಿದ್ದರೂ ಮೋಡೆಮ್ಮಿನ ಅಡಾಪ್ಟರಿನಲ್ಲಿ, ತಾಮ್ರದ ಲ್ಯಾನ್ ಕೇಬಲ್ಲಿನಲ್ಲಿ ಹರಿಯುತ್ತದೆ. ಮೊದಲ ಗುಡುಗು ಕೇಳುವ ಮುನ್ನ, ಪಶ್ಚಿಮದಲ್ಲಿ ಮೋಡ ಕಟ್ಟಿದ ಕೂಡಲೇ, ಎಲ್ಲ ಪ್ಲಗ್ಗುಗಳನ್ನೂ ಲ್ಯಾನ್ ಕೇಬಲ್ಲನ್ನೂ ಕಳಚಿಡುತ್ತೇವೆ. ಪೆನ್‌ಡ್ರೈವ್ ನಾಳೆಯೇ ಬೇಕು ಎಂದು ಹುಡುಗನ ಕಡೆಯವರು ಫೋನ್ ಮಾಡುತ್ತಾರೆ. ನಾಡಿದ್ದು ಬನ್ನಿ ಎನ್ನುತ್ತೇನೆ.