ಮೆಟಲ್ ಹೀರೋ ಕವಚಕ್ಕೆ ಸಿಜಿ ಬೇಕಾಗಲಿಲ್ಲ: ನನ್ನ ಅನುಭವ

ಕ್ರೋಮ್ ಕವಚವನ್ನು ಈಗಿನ 4ಕೆ ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ, ಸಿಜಿ (ಕಂಪ್ಯೂಟರ್ ಚಿತ್ರ) ಮಾಡಿ ಅಂತ ಟೋಕಿಯೋದ ನಮ್ಮ ಹವ್ಯಾಸಿ ತೊಕುಸಾತ್ಸು (ಜಪಾನಿನ ಸ್ಪೆಷಲ್ ಎಫೆಕ್ಟ್ಸ್ ಚಿತ್ರಪ್ರಕಾರ) ಬಳಗದಲ್ಲಿ ಹೇಳದವರೇ ಇರಲಿಲ್ಲ. ಹನ್ನೊಂದು ನಿಮಿಷದ ಕಿರುಚಿತ್ರ ಈಗ ಮುಗಿದಿದೆ. ಕವಚ ಇರುವ ಒಂದು ಶಾಟ್‌ನಲ್ಲೂ ಸಿಜಿ ಇಲ್ಲ. ಬೇಡ ಅಂದವರೇ ಈಗ ಬೇಸ್ ಕೋಟ್‌ಗೆ, ಅಂದರೆ ಅಡಿಪದರದ ಬಣ್ಣಕ್ಕೆ, ಏನು ಬೆರೆಸಿದ್ದು ಅಂತ ಕೇಳುತ್ತಿದ್ದಾರೆ. ಅದೊಂದನ್ನು ಇಲ್ಲೂ ಹೇಳುವುದಿಲ್ಲ.

ಕಣ್ಣ ಮುಂದಿದ್ದದ್ದು 1982ರ 'ಉಚೂ ಕೇಜಿ ಗ್ಯಾಬಾನ್', ಲೋಹದ ಕವಚದ ನಾಯಕರ 'ಮೆಟಲ್ ಹೀರೋ' ಟಿವಿ ಸರಣಿಗಳಲ್ಲಿ ಮೊದಲನೆಯದು. ವಿನ್ಯಾಸ ನಮ್ಮದೇ. ಅಲ್ಲಿಂದ ತೆಗೆದುಕೊಂಡದ್ದು ಒಂದೇ ಗುಣ: ನಿಂತ ಜಾಗದ ಪ್ರತಿಬಿಂಬವೆಲ್ಲ ಎದೆಯ ಮೇಲೆ ಹರಿದಾಡಬೇಕು.

ಮೊದಲ ಕವಚ 5 ಮಿ.ಮೀ. ಫೋಮ್ ಶೀಟ್, ಮೇಲೆ ಕ್ರೋಮ್ ಸ್ಪ್ರೇ. ಎಷ್ಟು ಸೀಲರ್ ಬಳಿದರೂ ಬಾಗಿದಲ್ಲೆಲ್ಲ ಕೂದಲೆಳೆಯ ಬಿರುಕು. ಸುಮಾರು 40,000 ಯೆನ್ ನೀರುಪಾಲು. ಎರಡನೆಯದು ಫೈಬರ್ ಚಿಪ್ಪಿಗೆ ಕನ್ನಡಿ ವಿನೈಲ್. ಮೊಣಕಾಲ ಕೆಳಗಿನ ಪಟ್ಟಿಗೆ ಚೆನ್ನಾಗಿ ಕೂತಿತು. ಎರಡು ಕಡೆಗೂ ಬಾಗಿರುವ ಹೆಲ್ಮೆಟ್, ಭುಜಗಳಲ್ಲಿ ಬರೀ ಸುಕ್ಕು. ನಿರ್ವಾತದಲ್ಲಿ ಲೋಹದ ಆವಿ ಕೂರಿಸುವ ವ್ಯಾಕ್ಯೂಮ್ ಮೆಟಲೈಸಿಂಗ್ ವಿಚಾರಿಸಿದರೆ ನಮ್ಮ ಹದಿನಾಲ್ಕು ತುಂಡಿಗೂ ಚೇಂಬರ್ ಪೂರ್ತಿಯ ಬಾಡಿಗೆ ಕೊಡಬೇಕು. ಗ್ಯಾಬಾನ್ ಕವಚ ತೊಡುವಾಗ ಕೂಗುವ 'ಜೋಚಾಕು' ಅಂದರೆ ಅದೇ ವಿಧಾನ, ಹೆಸರಿಗೆ ಒಪ್ಪುತ್ತಿತ್ತು, ಜೇಬಿಗೆ ಒಪ್ಪಲಿಲ್ಲ.

ಕೊನೆಗೆ ಗೆದ್ದದ್ದು ಬೆಳ್ಳಿ ಸ್ಪ್ರೇ, ಸಿಲ್ವರ್ ನೈಟ್ರೇಟ್‌ನದು. ಗನ್ ಸೇರಿ 80,000 ಯೆನ್ ಆಸುಪಾಸು. ಟೂ-ಕೆ (ಗಟ್ಟಿಕಾರಕ ಬೆರೆಸುವ) ಹೊಳಪಿನ ಕಪ್ಪು ಬಣ್ಣ ಬಳಿದು, 2000 ಗ್ರಿಟ್ ಮರಳು ಕಾಗದದಲ್ಲಿ ಉಜ್ಜಿದಮೇಲೆ ಪಾಲಿಶ್, ಒಂದು ದಿನ ಬಿಟ್ಟು 60 ಡಿಗ್ರಿಯಲ್ಲಿ ಎರಡು ಗಂಟೆ. ಚಿಪ್ಪಿನ ಮೇಲೆ ನೀರು ಹನಿಗಟ್ಟಿದರೆ ಮುಂದೆ ಹೋಗಬೇಡಿ, ಮತ್ತೆ ತೊಳೆಯಿರಿ. ಹಾಳೆಯ ಹಾಗೆ ಹರಡಬೇಕು. ತವರದ ದ್ರಾವಣ ಅರ್ಧ ನಿಮಿಷ, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಆಮೇಲೆ ಎರಡು ಮೂತಿಯ ಗನ್. ಮೊದಲು ಕಂದು ಬಣ್ಣ ಬರುತ್ತದೆ, ಗಾಬರಿ ಬೇಡ, ಕೆಲವೇ ಕ್ಷಣದಲ್ಲಿ ನಿಮ್ಮ ಮುಖ ಕಾಣುತ್ತದೆ. ಕಂಡ ತಕ್ಷಣ ಕೈ ನಿಲ್ಲಿಸಿ, ಇನ್ನೊಂದು ಸುತ್ತು ಹೊಡೆದರೆ ಮಬ್ಬು.

ಮೂರು ಎದೆಪಟ್ಟಿ ಹಾಳಾದವು. ಒಂದು ಹಳದಿ ತಿರುಗಿತು, ತವರ ಸರಿಯಾಗಿ ತೊಳೆದಿರಲಿಲ್ಲ. ಇನ್ನೊಂದರ ತುಂಬ ನಲ್ಲಿ ನೀರಿನ ಚುಕ್ಕೆ. ಮೂರನೆಯದಕ್ಕೆ ಮೇಲಿನ ಪಾರದರ್ಶಕ ಲೇಪ, ಅಂದರೆ ಕ್ಲಿಯರ್, ಒಂದೇ ಏಟಿಗೆ ದಪ್ಪ ಹೊಡೆದದ್ದರಿಂದ ಥಿನ್ನರ್ ಬೆಳ್ಳಿಯನ್ನೇ ತಿಂದುಹಾಕಿತು. ಮೊದಲ ಕ್ಲಿಯರ್ ಮಂಜಿನ ಹಾಗಿರಲಿ, ಹದಿನೈದು ನಿಮಿಷ ಬಿಟ್ಟು ಎರಡನೆಯದು. ಒಂದು ಎದೆಪಟ್ಟಿಗೆ ಡಿಸ್ಟಿಲ್ಡ್ ನೀರೇ 20 ಲೀಟರ್ ಹೋಗುತ್ತದೆ. ಅಮೋನಿಯಾ ಸೇರಿದ ಬೆಳ್ಳಿ ದ್ರಾವಣ ಉಳಿದರೆ ಬಾಟಲಿಯಲ್ಲಿ ಇಡಲೇಬೇಡಿ, ಒಣಗಿದರೆ ಸಿಡಿಯುತ್ತದೆ.

ಕವಚ ಸಿದ್ಧವಾದಮೇಲೆ ನಿಜವಾದ ತಲೆನೋವು ಶುರು. ಎದೆಯಲ್ಲಿ ಟ್ರೈಪಾಡ್, ಉದ್ದ ಕೋಲಿನ ಮೈಕ್ (ಬೂಮ್) ಹಿಡಿದವನು, ಊಟದ ಡಬ್ಬ, ಎಲ್ಲ ಸ್ಪಷ್ಟ. ಲೆನ್ಸ್‌ಗೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ನೋಡಿದೆವು. ಗಾಜಿಗೆ, ನೀರಿಗೆ ನಡೆಯುವ ಆಟ ಲೋಹದ ಪ್ರತಿಫಲನಕ್ಕೆ ನಡೆಯುವುದಿಲ್ಲ. ಕ್ಯಾಮೆರಾವನ್ನು ಕಪ್ಪು ಬಟ್ಟೆಯ ಹಿಂದಿಟ್ಟು, ತೂತಿನಿಂದ 135 ಮಿ.ಮೀ. ಲೆನ್ಸ್‌ನಲ್ಲಿ ದೂರದಿಂದ ತೆಗೆದೆವು. ಕ್ರೋಮ್‌ಗೆ ಲೈಟ್ ಹೊಡೆದು ಪ್ರಯೋಜನವಿಲ್ಲ, ಅದು ನೋಡುವ ಗೋಡೆಗೆ ಹೊಡೆಯಬೇಕು. ಎರಡೂ ಪಕ್ಕ 1.2 ಮೀಟರ್ ಎಲ್‌ಇಡಿ ಟ್ಯೂಬ್ ನೆಟ್ಟಗೆ ನಿಲ್ಲಿಸಿದರೆ, ನಟ ಹೆಜ್ಜೆ ಇಟ್ಟಾಗಲೆಲ್ಲ ಬಿಳಿ ಗೆರೆಯೊಂದು ಭುಜದಿಂದ ಸೊಂಟಕ್ಕೆ ಜಾರುತ್ತದೆ. ನೋಡಿದವರು ಸಿಜಿ ಅಂದುಕೊಂಡದ್ದು ಇದನ್ನೇ. ಟ್ಯೂಬ್‌ಗಳ ಕೋನ ನಮ್ಮಲ್ಲೇ ಇರಲಿ.

ಹೊಡೆದಾಟಕ್ಕೆ ಬೇರೆ ಸೂಟ್: ಮೊದಲ ಫೋಮ್‌ನದೇ, ಬೆಳ್ಳಿ ಬಣ್ಣ ಬಳಿದದ್ದು. ಐದು ಮೀಟರ್ ದೂರ, 1/50 ಶಟರ್‌ನಲ್ಲಿ ಚಲನೆ ಮಸುಕು, ಯಾರಿಗೂ ಗೊತ್ತಾಗಲಿಲ್ಲ. ಹೆಲ್ಮೆಟ್‌ನೊಳಗೆ 40 ಮಿ.ಮೀ. ಫ್ಯಾನ್, ಪವರ್ ಬ್ಯಾಂಕ್‌ನಿಂದ. ಸದ್ದು ಮಾಡಿದರೆ ಮಾಡಲಿ, ಈ ಪ್ರಕಾರದಲ್ಲಿ ಮಾತನ್ನು ಹೇಗೂ ಆಮೇಲೆ ಡಬ್ ಮಾಡುವುದು. ಆಗಸ್ಟ್‌ನಲ್ಲಿ ಒಂದು ಸಲಕ್ಕೆ 20 ನಿಮಿಷ ಮೀರಬೇಡಿ.

ನಡುವೆ ಕತ್ತಿಯ ಹುಚ್ಚು ಹತ್ತಿತು. 32 ಮಿ.ಮೀ. ಪಾಲಿಕಾರ್ಬೊನೇಟ್ ಕೊಳವೆಯಲ್ಲಿ ಎಲ್‌ಇಡಿ ಪಟ್ಟಿ. ಬೆಳಕು ತಗ್ಗಿಸುವ ಡಿಮ್ಮರ್ ಇಳಿಸಿದರೆ ಚಿತ್ರದಲ್ಲಿ ಪಟ್ಟೆಪಟ್ಟೆ. ಪೂರ್ವ ಜಪಾನಿನ ಕರೆಂಟ್ 50 ಹರ್ಟ್ಸ್ ಅಂತ ಶಟರ್ ಬದಲಿಸುತ್ತ ಒಂದು ಸಂಜೆ ಹಾಳಾಯಿತು. ತಪ್ಪು ಡಿಮ್ಮರ್‌ನದು, ಬ್ಯಾಟರಿಯಿಂದ ಉರಿಯುವ ಪಟ್ಟಿಗೆ ಮನೆ ಕರೆಂಟ್‌ನ ಗೊಡವೆ ಎಲ್ಲಿಯದು? ಡಿಮ್ಮರ್ ಕಿತ್ತು, ಕೊಳವೆಯೊಳಗೆ ಬೇಕಿಂಗ್ ಪೇಪರ್ ಸುತ್ತಿದೆವು.

ರೂಪಾಂತರಕ್ಕೆ ಗ್ಯಾಬಾನ್ ಹೇಳುವ ಲೆಕ್ಕ 0.05 ಸೆಕೆಂಡ್. 24 ಫ್ರೇಮ್‌ನಲ್ಲಿ ಅದು ಒಂದು ಫ್ರೇಮ್‌ಗಿಂತ ತುಸು ಹೆಚ್ಚು. ಒಂದೇ ಬಿಳಿ ಫ್ರೇಮ್ ಇಟ್ಟಾಗ ಎಡಿಟಿಂಗ್ ತಪ್ಪು ಅಂದರು. ಎರಡು ಇಟ್ಟೆವು: ಒಂದು ಬಿಳಿ, ಇನ್ನೊಂದರಲ್ಲಿ ಕತ್ತಲೊಳಗೆ ಕವಚದ ಗೆರೆಗಳು ಮಾತ್ರ. ಆಮೇಲೆ ಹಳೆಯ ಕ್ರಮದಂತೆಯೇ ನಿರೂಪಕನ ದನಿಯಲ್ಲಿ ಅದನ್ನೇ ನಿಧಾನವಾಗಿ ಇನ್ನೊಮ್ಮೆ. ಹದಿಹರೆಯದ ಪ್ರೇಕ್ಷಕರು ನಗುತ್ತಾರೆ ಅಂದುಕೊಂಡಿದ್ದೆವು, ಅಲ್ಲಿಯೇ ಚಪ್ಪಾಳೆ ಬಿತ್ತು.

ಒಟ್ಟು ಖರ್ಚು ನಾಲ್ಕು ಲಕ್ಷ ಯೆನ್ ಹತ್ತಿರ, ಅದರಲ್ಲಿ ಮೂರನೇ ಒಂದು ಭಾಗ ಹಾಳಾದ ತುಂಡುಗಳದ್ದು. ಎಂಟು ತಿಂಗಳಲ್ಲಿ ಬಿಸಿಲು ತಾಗಿದ ಎಡಭುಜ ತುಸು ಹಳದಿಯಾಗಿದೆ. ಮುಂದಿನ ಕ್ಲಿಯರ್‌ಗೆ ನೇರಳೆ ಟಿಂಟ್ ಒಂದೆರಡು ಹನಿ ಬೆರೆಸಿ ನೋಡಬೇಕು.