ಎಚ್‌ಐವಿ ಇರುವ ಮಗುವಿನ ಬಾಯಿ, ಚರ್ಮ: ಮನೆಯಲ್ಲಿ ಏನು ನೋಡಬೇಕು, ಯಾವಾಗ ಓಡಬೇಕು

ಮಗುವಿಗೆ ಸ್ನಾನ ಮಾಡಿಸುವಾಗ ಎರಡು ನಿಮಿಷ ಜಾಸ್ತಿ ತಗೊಳ್ಳಿ. ಬೆಳಕಿಗೆ ನಿಲ್ಲಿಸಿ ನಾಲಿಗೆ, ಕೆನ್ನೆಯ ಒಳಗೆ, ತುಟಿಯ ಮೂಲೆ, ಬೆರಳ ಸಂದು ಎಲ್ಲ ನೋಡಿ. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದು ಎಷ್ಟೋ ಸಲ ಮೊದಲು ಇಲ್ಲೇ ಕಾಣುತ್ತದೆ.

ನಾಲಿಗೆ ಬೆಳ್ಳಗಿದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹಾಲಾದರೆ ಹೋಗುತ್ತದೆ. ಮೊಸರಿನ ಹಾಗೆ ಅಂಟಿಕೊಂಡಿದ್ದು, ಎದ್ದ ಕಡೆ ಕೆಂಪಾಗಿ ರಕ್ತ ಜಿನುಗಿದರೆ ಅದು ಫಂಗಸ್, ಉಜ್ಜಬೇಡಿ. ಅಜ್ಜಿಯರು ಜೇನಿಗೆ ಬಿಳಿಗಾರ ಕಲಸಿ ಹಚ್ಚಿ ಅಂತಾರೆ, ಬೇಡವೇ ಬೇಡ. ಬಿಳಿಗಾರ ಮಗುವಿನ ಹೊಟ್ಟೆಗೆ ಹೋದರೆ ವಿಷ, ವರ್ಷ ತುಂಬದ ಕೂಸಿಗಂತೂ ಜೇನನ್ನೂ ಕೊಡಬಾರದು. ಡಾಕ್ಟರ್ ಕ್ಲೋಟ್ರಿಮಜೋಲ್ ಪೇಂಟ್ ಕೊಟ್ಟರೆ ಊಟ ಆದಮೇಲೆ ಹಚ್ಚಿ, ಸ್ವಲ್ಪ ಹೊತ್ತು ಏನೂ ತಿನ್ನಿಸಬೇಡಿ. ರಾಗಿ ಸರಿ ನುಂಗುವುದಕ್ಕೂ ಅಳುತ್ತಿದ್ದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು, ಅವತ್ತೇ ತೋರಿಸಿ.

ಬೆರಳ ಸಂದಿನಲ್ಲಿ, ಸೊಂಟದ ಸುತ್ತ ಗುಳ್ಳೆ, ರಾತ್ರಿಯೇ ತುರಿಕೆ ಜಾಸ್ತಿ ಅಂದರೆ ಕಜ್ಜಿ ಇರಬಹುದು. ಬರೀ ಬೇವಿನ ಸೊಪ್ಪಿನ ನೀರಿಗೆ ಇದು ಜಗ್ಗಲ್ಲ. ಶೇಕಡಾ 5ರ ಪರ್ಮೆಥ್ರಿನ್ ಕ್ರೀಮ್ ಬರೆದುಕೊಟ್ಟರೆ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹೇಳಿದ ದಿನಕ್ಕೆ ಮತ್ತೊಮ್ಮೆ ಹಚ್ಚುವುದನ್ನು ತಪ್ಪಿಸಬೇಡಿ, ಎಲ್ಲರೂ ಸೋಲುವುದು ಇಲ್ಲೇ. ಕೈಕಾಲಿನಲ್ಲಿ ಮಾತ್ರ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯುತ್ತಿದ್ದರೆ ಸೊಳ್ಳೆ ಕಡಿತಕ್ಕೂ ಹಾಗಾಗುತ್ತದೆ. ಮಂಡ್ಯ ಕಡೆ ನಾಲೆ, ಗದ್ದೆ ಪಕ್ಕದ ಮನೆ ಅಂದರೆ ಸೊಳ್ಳೆಪರದೆ, ತುಂಬು ತೋಳಿನ ಅಂಗಿ ಬೇಕೇ ಬೇಕು.

ಮೈಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ನೋವಿನ ಗುಳ್ಳೆ ಬಂದರೆ ಸರ್ಪಸುತ್ತು. ಕೆಮ್ಮಣ್ಣು ಬಳಿಸುತ್ತಾ ದಿನ ಕಳೆಯಬೇಡಿ. ಸರ್ಪಸುತ್ತಿನ ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಹಣೆ, ಮೂಗಿನ ತುದಿಗೆ ಬಂದಿದ್ದರೆ ಕಣ್ಣಿಗೂ ಅಪಾಯ, ತಡಮಾಡಲೇಬೇಡಿ.

ಹೊಸ ಮಾತ್ರೆ ಶುರುವಾದ ಮೊದಲ ಆರು ವಾರ ಇನ್ನೂ ಹುಷಾರಾಗಿರಿ. ಅಬಾಕವಿರ್ ಅನ್ನುವ ಎಚ್‌ಐವಿ ಮಾತ್ರೆ ತಗೊಳ್ಳುವ ಮಗುವಿಗೆ ದದ್ದು ಇರಲಿ ಬಿಡಲಿ, ಜ್ವರದ ಜೊತೆ ವಾಂತಿ, ಸುಸ್ತು, ಉಸಿರಾಟದ ತೊಂದರೆ ಬಂದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರ್ ಹತ್ತಿರ ಹೋಗಿ. ಅದರಿಂದಲೇ ಆಗಿದ್ದು ಅಂತ ಅವರು ನಿಲ್ಲಿಸಿದರೆ ಆಮೇಲೆ ಯಾವತ್ತೂ ಮತ್ತೆ ಕೊಡಬಾರದು, ಜೀವಕ್ಕೇ ಅಪಾಯ. ಯಾವುದೇ ಮಾತ್ರೆ ಶುರುವಾದ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿದರೆ ನೇರ ತುರ್ತು ವಿಭಾಗಕ್ಕೆ. ಆದರೆ ಚಿಕ್ಕ ತುರಿಕೆಗೆಲ್ಲ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ.

ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ, ಎರಡೂ ಕಡೆ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರ ಇದೆ, ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಹೋಗುವಾಗ ಹಸಿರು ಪುಸ್ತಕವೋ ಚೀಟಿಯೋ, ಅಲ್ಲಿ ಕೊಟ್ಟಿರುವುದು ಜೊತೆಗಿರಲಿ. ಗುಳ್ಳೆ ಬರುತ್ತೆ ಹೋಗುತ್ತೆ ಅನ್ನುವ ಹಾಗಿದ್ದರೆ ಬಂದ ದಿನವೇ ಫೋನಲ್ಲಿ ಫೋಟೋ ತೆಗೆದಿಡಿ. ಅನುಮಾನ ಬಂದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದು ಉಚಿತ. ಶಾಲೆಯವರು ಕಲೆ ನೋಡಿ ಕೇಳಿದರೆ ಚರ್ಮದ ತೊಂದರೆ, ಔಷಧಿ ನಡೀತಿದೆ ಅಂದರೆ ಸಾಕು. ಎಚ್‌ಐವಿ ಇದೆ ಅಂತ ಹೇಳಲೇಬೇಕೆಂದೇನಿಲ್ಲ, ಆ ಕಾರಣಕ್ಕೆ ಮಗುವನ್ನು ಹೊರಗಿಡುವುದಕ್ಕೆ 2017ರ ಎಚ್‌ಐವಿ, ಏಡ್ಸ್ ಕಾನೂನು ಬಿಡುವುದೂ ಇಲ್ಲ.