ಸಂಘ-ಸಂಸ್ಥೆಗಳಿಗೆ ಸರ್ಕಾರ ಕೊಟ್ಟ ಅನುದಾನದ ಪಟ್ಟಿ: ನಾವು ತಯಾರಿಸುವ ಕ್ರಮ

ಒಂದು ತಾಲ್ಲೂಕಿನಲ್ಲಿ ಯಾವ ಸಂಘಕ್ಕೆ ಸರ್ಕಾರದಿಂದ ಎಷ್ಟು ದುಡ್ಡು ಬಂತು ಎಂದು ಕೇಳಿದರೆ ಒಂದೇ ಕಾಗದದಲ್ಲಿ ಉತ್ತರ ಸಿಗುವುದಿಲ್ಲ. ಮಂಜೂರಾತಿ ಆದೇಶ ಒಂದು ಮೊತ್ತ ಹೇಳುತ್ತದೆ, ಖಜಾನೆಯಿಂದ ಹೋದದ್ದು ಇನ್ನೊಂದಿರುತ್ತದೆ, ಖರ್ಚಾಯಿತೆಂದು ಸಂಘ ಬರೆದುಕೊಟ್ಟದ್ದು ಮತ್ತೊಂದು. ನಮ್ಮ ಪಟ್ಟಿಯಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಮಂಜೂರಾತಿ ಪಟ್ಟಿಯನ್ನಷ್ಟೇ ಪ್ರಕಟಿಸಿದರೆ ಹಣವೇ ಕೈಸೇರದ ಸಂಘಕ್ಕೂ ‘ಇವರು ಇಷ್ಟು ತಿಂದರು’ ಎಂಬ ಮಾತು ಬರುತ್ತದೆ. ಅದು ಅನ್ಯಾಯ.

ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಕಲಂನ 12 ಮತ್ತು 13ನೇ ಅಂಶಗಳ ಪ್ರಕಾರ ಸಹಾಯಧನ ಕಾರ್ಯಕ್ರಮಗಳ ಮೊತ್ತ, ಫಲಾನುಭವಿಗಳು, ರಿಯಾಯಿತಿ-ಪರವಾನಗಿ ಪಡೆದವರ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆದ್ದರಿಂದ ಅರ್ಜಿ ಬರೆಯುವ ಮೊದಲು ಕಚೇರಿಯ ‘4(1)(ಬಿ) ಪುಸ್ತಕ’ ನೋಡಿ. ಹಲವೆಡೆ ಈ ಎರಡು ಪುಟಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಬಿಟ್ಟಿರುತ್ತಾರೆ. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಮೇಲ್ಮನವಿಯಲ್ಲಿ ಬೇಕಾಗುತ್ತದೆ. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣವನ್ನೂ ಒಮ್ಮೆ ಜಾಲಾಡಿ, ಅಲ್ಲಿ ಸಿಕ್ಕಿದ್ದಕ್ಕೆ ಮತ್ತೆ ಅರ್ಜಿ ಹಾಕುವ ಅಗತ್ಯವಿಲ್ಲ.

ಅರ್ಜಿ ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲೇ. ಕರ್ನಾಟಕದ ನಿಯಮದಂತೆ ಅರ್ಜಿ ನಮೂನೆ ‘ಎ’ಯಲ್ಲಿರಬೇಕು, ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಶುಲ್ಕ 10 ರೂಪಾಯಿ. ‘ಎಷ್ಟು ಸಂಘಗಳಿಗೆ ಕೊಟ್ಟಿದ್ದೀರಿ, ಯಾಕೆ ಕೊಟ್ಟಿರಿ’ ಎಂದು ಕೇಳಿದರೆ ‘ಮಾಹಿತಿ ಸೃಷ್ಟಿಸಿ ಕೊಡಲು ಅವಕಾಶವಿಲ್ಲ’ ಎಂಬ ಹಿಂಬರಹ ಖಂಡಿತ. ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ಪ್ರಶ್ನೆ ಕೇಳಬೇಡಿ, ದಾಖಲೆಯ ಹೆಸರು ಹಿಡಿದು ನಕಲು ಕೇಳಿ. ನಾವು ಬರೆಯುವುದು ಹೀಗೆ (ಖಜಾನೆ-2 ಎಂದರೆ ರಾಜ್ಯ ಖಜಾನೆಯ ಗಣಕೀಕೃತ ವ್ಯವಸ್ಥೆ):

‘2023-24ನೇ ಸಾಲಿನಲ್ಲಿ ಈ ಜಿಲ್ಲೆಯ ಸಂಘ-ಸಂಸ್ಥೆಗಳಿಗೆ ಧನಸಹಾಯ ಮಂಜೂರು ಮಾಡಿದ ಆದೇಶಗಳು ಮತ್ತು ಅನುಬಂಧ ಪಟ್ಟಿಗಳ ದೃಢೀಕೃತ ನಕಲು, ಸದರಿ ಆದೇಶಗಳಂತೆ ಖಜಾನೆ-2ರಲ್ಲಿ ಪಾವತಿಯಾದ ಬಿಲ್ಲುಗಳ ಪಟ್ಟಿ, ದಿನಾಂಕ ಮತ್ತು ಮೊತ್ತ ಸಹಿತ, ಸದರಿ ಸಂಸ್ಥೆಗಳು ಸಲ್ಲಿಸಿದ ಹಣಬಳಕೆ ಪ್ರಮಾಣಪತ್ರಗಳ ನಕಲು. ಬ್ಯಾಂಕ್ ಖಾತೆ, ಆಧಾರ್, ದೂರವಾಣಿ ಸಂಖ್ಯೆಗಳನ್ನು ಕಲಂ 10ರಂತೆ ಮರೆಮಾಚಿ ಕೊಡಬಹುದು.’

ಕೊನೆಯ ವಾಕ್ಯ ಬಿಡಬೇಡಿ. ವೈಯಕ್ತಿಕ ಮಾಹಿತಿ ಎಂಬ ನೆಪಕ್ಕೆ ಅದೇ ಮುಂಗಡ ಉತ್ತರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಕಲಂ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ)ಯನ್ನು ಮೊಟಕುಗೊಳಿಸಿದ್ದು, ಅಲ್ಲೇ ಇದ್ದ ಸಾರ್ವಜನಿಕ ಹಿತಾಸಕ್ತಿಯ ಮಾತನ್ನು ತೆಗೆದುಹಾಕಿದೆ. ಇದು ದೊಡ್ಡ ನಷ್ಟ. ಆದರೆ 8(2) ಹಾಗೇ ಉಳಿದಿದೆ. ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆಂದು ಅದು ಹೇಳುತ್ತದೆ. ಜೊತೆಗೆ ನೋಂದಾಯಿತ ಸಂಘವೊಂದು ಪಡೆದ ಅನುದಾನ ಯಾವ ವ್ಯಕ್ತಿಯ ಖಾಸಗಿ ಮಾಹಿತಿಯೂ ಅಲ್ಲ. ಮೇಲ್ಮನವಿಯಲ್ಲಿ ಈ ಎರಡನ್ನೂ ಬರೆಯಿರಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಾದರೆ ಜಿಲ್ಲಾ ಕಚೇರಿಯಲ್ಲಿ ಎಲ್ಲ ಕಾಗದವೂ ಇರುವುದಿಲ್ಲ, ಕೆಲವು ಕಡತ ಬೆಂಗಳೂರಿನ ಕನ್ನಡ ಭವನದಲ್ಲಿರುತ್ತದೆ. ‘ನಮ್ಮಲ್ಲಿಲ್ಲ’ ಎಂದು ಅರ್ಜಿ ಹಿಂದಿರುಗಿಸುವುದು ತಪ್ಪು. 6(3)ರಂತೆ 5 ದಿನದೊಳಗೆ ಅದನ್ನು ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. 30 ದಿನ ಕಳೆದೂ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅವಧಿ ಮೀರಿದ ಮೇಲೆ ಕೊಡುವ ನಕಲು 7(6)ರಂತೆ ಉಚಿತ. ನೂರಾರು ಪುಟದ ಕಡತಕ್ಕೆ ಇದು ಸಣ್ಣ ಮೊತ್ತವಲ್ಲ. ಎರಡನೇ ಮೇಲ್ಮನವಿಗೆ 90 ದಿನ ಕಾಲಾವಕಾಶವಿದೆ. ಅದನ್ನು ಕೇಳುವ ಮಾಹಿತಿ ಆಯೋಗದಲ್ಲಿ ಸರದಿ ಉದ್ದ, ಹಾಗಾಗಿ ಮೊದಲ ಹಂತದಲ್ಲೇ ಕೆಲಸ ಮುಗಿಸಲು ನೋಡಿ. ಅದಕ್ಕೆ ಉತ್ತಮ ದಾರಿಯೆಂದರೆ ಕಡತ ಪರಿಶೀಲನೆ ಕೇಳುವುದು. ಮೊದಲು ಕಡತ ತಿರುವಿ, ಬೇಕಾದ ಪುಟಗಳ ಸಂಖ್ಯೆ ಬರೆದುಕೊಟ್ಟರೆ ನಕಲಿನ ಖರ್ಚೂ ಇಳಿಯುತ್ತದೆ, ಕಚೇರಿಯವರ ಹೊರೆಯೂ ಇಳಿಯುತ್ತದೆ.

ಕಾಗದ ಬಂದ ಮೇಲಿನದೇ ನಿಜವಾದ ಕೆಲಸ. ಒಂದೇ ಸಂಘದ ಹೆಸರು ಒಂದು ಆದೇಶದಲ್ಲಿ ‘ಶ್ರೀ ಮಾರುತಿ ಯುವಕ ಸಂಘ’, ಇನ್ನೊಂದರಲ್ಲಿ ‘ಮಾರುತಿ ಯುವಕರ ಸಂಘ (ರಿ)’, ಬಿಲ್ಲಿನಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಬೇರೆಯೇ. ಪಕ್ಕದ ಊರಿನಲ್ಲಿ ಅದೇ ಹೆಸರಿನ ಮತ್ತೊಂದು ಸಂಘ. ಹೆಸರು ನೋಡಿ ಕೂಡಿಸಿದರೆ ಒಬ್ಬರ ಹಣ ಇನ್ನೊಬ್ಬರ ತಲೆಗೆ ಹೋಗುತ್ತದೆ. ಗುರುತಿಗೆ ನೋಂದಣಿ ಸಂಖ್ಯೆಯೇ ಆಧಾರ, ಆದರೆ ಸಂಖ್ಯೆಯೊಂದೇ ಸಾಲದು: ನೋಂದಣಿ ಕಚೇರಿ, ಸಂಖ್ಯೆ, ವರ್ಷ ಮೂರೂ ಸೇರಿದರೆ ಮಾತ್ರ ಸಂಘ ಒಂದೇ ಎಂದು ಖಾತ್ರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಘದ ದಾಖಲೆ ಸಂಘಗಳ ಜಿಲ್ಲಾ ನೋಂದಣಾಧಿಕಾರಿಯಲ್ಲಿ. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ. ಸಂಘಗಳು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು, ಅದರಲ್ಲಿ ‘ಸರ್ಕಾರದ ಅನುದಾನ’ ಎಂಬ ಸಾಲು ನೋಡಿ ತಾಳೆ ಹಾಕಿ. ಕೇಂದ್ರದ ಅನುದಾನ ಪಡೆದ ಸಂಸ್ಥೆಯಾದರೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಕೇಂದ್ರದ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಐಡಿಯನ್ನೂ ಸೇರಿಸಿ.

ನಮ್ಮ ಪಟ್ಟಿಯ ಕಾಲಂಗಳು ಇವು: ನೋಂದಣಿ ಗುರುತು, ಸಂಘದ ಹೆಸರು ಆದೇಶದಲ್ಲಿ ಇದ್ದಂತೆ, ಗ್ರಾಮ, ಇಲಾಖೆ, ಯೋಜನೆ, ಉದ್ದೇಶ, ಆದೇಶ ಸಂಖ್ಯೆ ಮತ್ತು ದಿನಾಂಕ, ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ, ಪಾವತಿ ದಿನಾಂಕ, ಹಣಬಳಕೆ ಪ್ರಮಾಣಪತ್ರ ಬಂದಿದೆಯೇ, ಅದರಲ್ಲಿ ಬರೆದ ಖರ್ಚಿನ ಮೊತ್ತ, ಮೂಲ ಕಾಗದದ ಸ್ಕ್ಯಾನ್ ಪುಟ ಸಂಖ್ಯೆ. ಕೊನೆಯ ಕಾಲಂ ಇಲ್ಲದ ಪಟ್ಟಿಯನ್ನು ಯಾರೂ ಪರೀಕ್ಷಿಸಲಾರರು. ಮೊತ್ತದ ಅಂಕಣದಲ್ಲಿ ಅಂಕಿ ಮಾತ್ರ ಇರಲಿ, ‘2.5 ಲಕ್ಷ’ ಎಂದು ಬರೆದರೆ ಕೂಡುವಾಗ ಸ್ಪ್ರೆಡ್‌ಶೀಟ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮಾಹಿತಿ ಸಿಗದ ಕಡೆ ಸೊನ್ನೆ ಹಾಕಬೇಡಿ, ‘ದಾಖಲೆ ಸಿಕ್ಕಿಲ್ಲ’ ಎಂದೇ ಬರೆಯಿರಿ.

ಮಾರ್ಚ್ ಕೊನೆಯ ವಾರದ ಆದೇಶಗಳ ಬಗ್ಗೆ ಎಚ್ಚರ ಇರಲಿ. ಮಂಜೂರಾತಿ ಈ ಸಾಲಿನಲ್ಲಿ, ಪಾವತಿ ಮುಂದಿನ ಸಾಲಿನಲ್ಲಿ ಆಗಿರುತ್ತದೆ; ಒಂದೇ ವರ್ಷದ ಕಾಗದ ಕೇಳಿದರೆ ಹಣ ಕಾಣೆಯಾದಂತೆ ತೋರುತ್ತದೆ. ಎರಡನೇ ಕಂತು ಹಾಗೆಯೇ. ಇದಕ್ಕಾಗಿ ಪಾವತಿ ಪಟ್ಟಿಯನ್ನು ಯಾವಾಗಲೂ ಒಂದು ವರ್ಷ ಹೆಚ್ಚು ಕೇಳಬೇಕು.

ಸಮುದಾಯ ಭವನಗಳದ್ದು ಬೇರೆಯೇ ಸಿಕ್ಕು. ಒಂದೇ ಕಟ್ಟಡಕ್ಕೆ ಶಾಸಕರ ನಿಧಿ, ಸಮಾಜ ಕಲ್ಯಾಣ ಇಲಾಖೆ, ಮುಜರಾಯಿ, ಹೀಗೆ ಹಲವು ಕಡೆಯಿಂದ ಹಣ ಬಂದಿರಬಹುದು. ಎಷ್ಟೋ ಸಲ ಹಣ ಸಂಘದ ಖಾತೆಗೆ ಬರುವುದೇ ಇಲ್ಲ. ಸರ್ಕಾರಿ ಕಾಮಗಾರಿ ನಡೆಸುವ ನಿರ್ಮಿತಿ ಕೇಂದ್ರವೋ ಕೆಆರ್‌ಐಡಿಎಲ್ಲೋ (ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ) ಕೆಲಸ ಮಾಡಿಸಿ ಬಿಲ್ಲು ಎತ್ತುತ್ತದೆ. ಅಲ್ಲಿ ಹಣಬಳಕೆ ಪ್ರಮಾಣಪತ್ರ ಕೇಳುವುದಕ್ಕಿಂತ ಅಂದಾಜು ಪಟ್ಟಿ, ಅಳತೆ ಪುಸ್ತಕ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಕೇಳಬೇಕು. ಆ ಸಾಲಿಗೆ ‘ಅನುಷ್ಠಾನ ಸಂಸ್ಥೆ’ ಎಂಬ ಕಾಲಂ ಸೇರಿಸಿ, ಹಣ ಪಡೆದವರು ಯಾರು, ಪ್ರಯೋಜನ ಪಡೆದವರು ಯಾರು ಎಂಬುದು ಬೇರೆಬೇರೆಯಾಗಿ ಕಾಣುವಂತಿರಲಿ.

ಸಂಘವನ್ನೇ ನೇರವಾಗಿ ಕೇಳಬಹುದೇ? ಸರ್ಕಾರದಿಂದ ಗಣನೀಯ ಪ್ರಮಾಣದಲ್ಲಿ ಹಣ ಪಡೆಯುವ ಸರ್ಕಾರೇತರ ಸಂಸ್ಥೆಯೂ ಸಾರ್ವಜನಿಕ ಪ್ರಾಧಿಕಾರವೇ ಎಂದು ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿದೆ. ಆದರೆ ವರ್ಷಕ್ಕೊಂದು ನಾಟಕೋತ್ಸವಕ್ಕೆ ಸಣ್ಣ ಧನಸಹಾಯ ಪಡೆದ ಊರಿನ ಸಂಘದ ಮೇಲೆ ಇದನ್ನು ಹೇರುವುದು ನನ್ನ ಮಟ್ಟಿಗೆ ಸರಿಯಲ್ಲ. ಅವರ ಕಾಗದಗಳೆಲ್ಲ ಅನುದಾನ ಕೊಟ್ಟ ಇಲಾಖೆಯಲ್ಲೇ ಇರಬೇಕು, ಕೊಟ್ಟವರನ್ನೇ ಕೇಳೋಣ.

ಪ್ರಕಟಿಸುವ ಮೊದಲು ಪ್ರತಿ ಸಂಘಕ್ಕೂ ಅದರ ಸಾಲನ್ನು ಅಂಚೆಯಲ್ಲಿ ಕಳಿಸಿ, 15 ದಿನ ಕೊಡಿ. ಬಂದ ಉತ್ತರವನ್ನು ‘ಸಂಘದ ಹೇಳಿಕೆ’ ಎಂಬ ಕಾಲಂನಲ್ಲಿ ಹಾಕಿ. ಇಲಾಖೆಯ ಅಂಕಿಯನ್ನು ಮಾತ್ರ ಅಳಿಸಬೇಡಿ. ಪದಾಧಿಕಾರಿಗಳ ಹೆಸರು, ಮನೆ ವಿಳಾಸ ಪಟ್ಟಿಯಲ್ಲಿ ಬೇಡ. ಸ್ಕ್ಯಾನ್‌ಗಳಲ್ಲಿ ಖಾತೆ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಪಿಡಿಎಫ್‌ನಲ್ಲಿ ಅದರಡಿಯ ಅಕ್ಷರಗಳು ನಕಲಾಗಬಹುದು; ಮರೆಮಾಚಿದ ಪುಟವನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿ ಹಾಕಿ. ಕಡತ ಸಿಎಸ್‌ವಿ (ಯಾವ ಸ್ಪ್ರೆಡ್‌ಶೀಟ್‌ನಲ್ಲೂ ತೆರೆಯುವ ಸರಳ ಪಠ್ಯ ರೂಪ) ಆಗಿರಲಿ, ಅಕ್ಷರ ಯೂನಿಕೋಡ್‌ನಲ್ಲಿರಲಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಬಂದ ಇಲಾಖೆಯ ಪಟ್ಟಿಗಳನ್ನು ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುತ್ತವೆ, ಒಂದೊಂದು ಹೆಸರನ್ನೂ ಮೂಲದೊಂದಿಗೆ ಓದಿ ನೋಡಬೇಕು. ಒಂದು ಮುದ್ರಿತ ಪ್ರತಿಯನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ (ಗ್ರಂಥಾಲಯ) ಕೊಡಿ, ತಿದ್ದುಪಡಿ ಕಳಿಸಬೇಕಾದ ವಿಳಾಸವನ್ನು ಮೊದಲ ಪುಟದಲ್ಲೇ ಹಾಕಿ.